ತಕರಾರಣ್ಣ ಪಾಸು ಮಾಡಿದ ಟಾರ್ಚು

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ವಾಲ್ವ್‌ಮ್ಯಾನ್ ಚೇಂಬರಿನೊಳಗೆ ಇಳಿದ. ಹನ್ನೆರಡು ಗಂಟೆ ಹದಿನೆಂಟು ನಿಮಿಷಕ್ಕೆ ಅವನನ್ನು ಮೇಲೆಳೆದು ರಸ್ತೆಯ ಮೇಲೆ ಮಲಗಿಸಿದರು. ಆಗ ಉಸಿರಿರಲಿಲ್ಲ. ಈ ಮೂವತ್ತೆಂಟು ನಿಮಿಷಗಳಲ್ಲಿ ಅವನ ಟಾರ್ಚು ಒಂದು ಕ್ಷಣವೂ ಆರಿರಲಿಲ್ಲ.

ಮೇಲೆ ಹಗ್ಗ ಹಿಡಿದು ಕೂತಿದ್ದವನು ಅವನ ಹೆಂಡತಿಯ ಅಣ್ಣ. ವಯಸ್ಸು ಐವತ್ತೊಂದು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ನಾಲ್ಕು ವರ್ಷದ ನೌಕರಿ. ಕಚೇರಿಯಲ್ಲಿ ಎಲ್ಲರೂ ಅವನನ್ನು ತಕರಾರಣ್ಣ ಎಂದೇ ಕರೆಯುತ್ತಿದ್ದರು. ಹೊಸ ಕೈಗವಸು ಬಂದರೆ ಹೊಲಿಗೆ ಎಳೆದು ನೋಡುವವನು, ಬೂಟು ಬಂದರೆ ಬಕೆಟ್ಟಿನಲ್ಲಿ ಮುಳುಗಿಸಿ ಒಳಗೆ ಕೈ ಹಾಕಿ ನೋಡುವವನು. ಒಮ್ಮೆ ಉಗ್ರಾಣಕ್ಕೆ ಬಂದ ಮೂವತ್ತು ಹೆಲ್ಮೆಟ್ಟುಗಳನ್ನು ಒಂದೊಂದಾಗಿ ಮೊಣಕಾಲ ಮಧ್ಯೆ ಇಟ್ಟು ಅದುಮಿ, ಹನ್ನೊಂದನ್ನು ವಾಪಸು ಕಳಿಸಿದ್ದ. ಅವನು ಬೇಡವೆಂದದ್ದನ್ನು ಆರು ತಂಡಗಳಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅವನು ತಲೆಯಾಡಿಸಿದ್ದನ್ನು ಯಾರೂ ಇನ್ನೊಮ್ಮೆ ಪರೀಕ್ಷಿಸುತ್ತಿರಲಿಲ್ಲ. "ತಕರಾರಣ್ಣ ಪಾಸು ಮಾಡಿದ್ದು" ಎಂದರೆ ಅಲ್ಲಿಗೆ ಮಾತು ಮುಗಿಯಿತು.

ಆ ನಗರದ ದೊಡ್ಡ ಪೈಪುಗಳ ವಾಲ್ವುಗಳು ರಸ್ತೆಯ ಕೆಳಗೆ, ಕಾಂಕ್ರೀಟಿನ ಗುಂಡಿಗಳಲ್ಲಿವೆ. ಕೆಲಸದವರು ಅವನ್ನು ಚೇಂಬರ್ ಎನ್ನುತ್ತಾರೆ. ಇಪ್ಪತ್ತರಿಂದ ಇಪ್ಪತ್ತೈದು ಅಡಿ ಆಳ. ಇಳಿಯಲು ಗೋಡೆಗೆ ಹೂತ ಕಬ್ಬಿಣದ ಮೆಟ್ಟಿಲುಗಳು. ತಳದಲ್ಲಿ ವಾಲ್ವು ಬಾಯಿಯ ನೇರಕ್ಕಿಲ್ಲ. ಪಕ್ಕಕ್ಕೆ, ಒಂದು ಚಪ್ಪಡಿಯ ಅಡಿಯಲ್ಲಿದೆ. ಇಳಿದವನು ಮೇಲಿರುವವನಿಗೆ ಕಾಣುವುದಿಲ್ಲ. ಪೈಪಿನಲ್ಲಿ ನುಗ್ಗುವ ನೀರಿನ ಸದ್ದಿನಲ್ಲಿ, ರಸ್ತೆಯ ಗಾಡಿಗಳ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ. ಸೊಂಟಕ್ಕೆ ಕಟ್ಟಿದ ಹಗ್ಗ ಜಗ್ಗಿ ಸನ್ನೆ ಮಾಡೋಣವೆಂದರೆ ಅದು ಚಪ್ಪಡಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ತಂಡಗಳಲ್ಲಿ, ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಒಂದು ಪದ್ಧತಿ ಬೆಳೆದಿತ್ತು. ವಾಲ್ವ್‌ಮ್ಯಾನ್ ಟಾರ್ಚನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾನೆ, ಎರಡೂ ಕೈಯಿಂದ ವಾಲ್ವಿನ ಚಕ್ರ ತಿರುಗಿಸುತ್ತಾನೆ. ಟಾರ್ಚಿನ ಬೆಳಕು ಎದುರಿನ ಒದ್ದೆ ಗೋಡೆಯ ಮೇಲೆ ಬೀಳುತ್ತದೆ. ಗೋಡೆಯ ಆ ತುಂಡು ಮಾತ್ರ ಮೇಲಿನಿಂದ ಕಾಣುತ್ತದೆ. ಬೆಳಕಿದ್ದರೆ ಮನುಷ್ಯ ನೆಟ್ಟಗಿದ್ದಾನೆ. ಬೆಳಕು ಹೋದರೆ ಮಾತಿಲ್ಲದೆ ಎಳೆಯಬೇಕು.

ಕಚೇರಿ ಕೊಡುತ್ತಿದ್ದ ಪ್ಲಾಸ್ಟಿಕ್ ಟಾರ್ಚುಗಳು ಗೋಡೆಗೆ ತಾಗಿದರೆ ಆರುತ್ತಿದ್ದವು. ತಳದಲ್ಲಿ ಸದಾ ನಿಂತಿರುವ ಮೊಣಕಾಲುದ್ದ ನೀರಿಗೆ ಬಿದ್ದರೆ ಆರುತ್ತಿದ್ದವು. ಕೆಲವು ಸಲ ಸುಮ್ಮನೆ ಆರುತ್ತಿದ್ದವು. ತಿಂಗಳಿಗೆ ಒಂದೆರಡು ಸಲವಾದರೂ ಯಾರಾದರೊಬ್ಬ ವಾಲ್ವ್‌ಮ್ಯಾನ್ ಏನೂ ಆಗದೆ, ಕೈಯಲ್ಲಿ ಸ್ಪಾನರ್ ಹಿಡಿದುಕೊಂಡೇ, ಬಯ್ಯುತ್ತಾ ಮೇಲೆ ಬರುತ್ತಿದ್ದ.

ಸಾವಿಗೆ ನಾಲ್ಕು ತಿಂಗಳು ಮೊದಲು ತಕರಾರಣ್ಣನ ತಂಡದಲ್ಲೂ ಹಾಗೇ ಆಯಿತು. ಟಾರ್ಚು ಪೈಪಿಗೆ ತಾಗಿ ಆರಿತು. ತಕರಾರಣ್ಣ ಎಳೆದ. ವಾಲ್ವ್‌ಮ್ಯಾನ್‌ನ ಎದೆ ಚಪ್ಪಡಿಯ ಅಂಚಿಗೆ ಬಡಿದು ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಮೂರು ವಾರ ಮಲಗಿದ. ಎರಡನೇ ದಿನ ತಕರಾರಣ್ಣ ನೋಡಲು ಹೋದಾಗ ಅವನು ದಿಂಬಿಗೆ ಒರಗಿ ಕೂತಿದ್ದ.

"ಭಾವ, ನಾನೇನು ಬಾವಿಗೆ ಬಿದ್ದ ಬಿಂದಿಗೆನಾ? ಒಂದು ಮಾತಿಲ್ಲ, ಕತೆಯಿಲ್ಲ, ಸೇದೇಬಿಟ್ರಲ್ಲ!"

"ಬೆಳಕು ಹೋಯ್ತು, ಎಳೆದೆ. ಎಳೀದೆ ಇದ್ದಿದ್ರೆ ನಿನ್ನ ಹೆಂಡ್ತಿ ನನ್ನ ಚರ್ಮ ಸುಲೀತಿದ್ಲು."

"ಎಳೆದಿದ್ದಕ್ಕೂ ಸುಲೀತೀನಿ," ಎನ್ನುತ್ತಾ ತಂಗಿ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಬಿಸಿನೀರಿನ ಚೀಲವಿತ್ತು. ಅದನ್ನು ಗಂಡನ ಪಕ್ಕೆಗೆ ಒತ್ತಿ ಅಣ್ಣನ ಕಡೆ ತಿರುಗಿದಳು. "ಊರಿಗೆಲ್ಲ ತಕರಾರು ಹೇಳ್ತೀಯ. ಬೂಟು ಸರಿಯಿಲ್ಲ, ಹೆಲ್ಮೆಟ್ ಸರಿಯಿಲ್ಲ. ಇವರ ಕೊರಳಿಗೆ ಒಂದು ಆರದೇ ಇರೋ ಟಾರ್ಚ್ ಹುಡುಕೋಕಾಗಲ್ವಾ ನಿನಗೆ? ಬಿದ್ರೂ ಆರಬಾರದು, ಮುಳುಗಿದ್ರೂ ಆರಬಾರದು. ಅಂಥದ್ದು ತಂದುಕೊಡು."

"ತರ್ತೀನಿ ಬಿಡೇ."

"ನಾಳೆ, ನಾಡಿದ್ದು ಅನ್ಬೇಡ."

"ಆಯ್ತು ಭಾವ, ಇನ್ನು ನೀವು ತರೋದೇ," ಎಂದ ವಾಲ್ವ್‌ಮ್ಯಾನ್. "ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ. ಇವಳ ಪ್ರೆಶರ್‌ಗೆ ಯಾವ ಕಂಪನಿನೂ ವಾಲ್ವ್ ಮಾಡಿಲ್ಲ." ನಕ್ಕ. ನಕ್ಕದ್ದಕ್ಕೆ ಪಕ್ಕೆ ನೋಯಿತು, ನೋವಿಗೆ ಮುಖ ಕಿವುಚಿದ. ಅದನ್ನು ನೋಡಿ ತಂಗಿ, ಬೇಕು ಇವರಿಗೆ ಎಂದು ಚೀಲವನ್ನು ಇನ್ನಷ್ಟು ಒತ್ತಿದಳು.

ತಕರಾರಣ್ಣ ಟಾರ್ಚು ಹುಡುಕಲು ಹನ್ನೊಂದು ದಿನ ತೆಗೆದುಕೊಂಡ. ಕೊನೆಗೆ ಅದು ಸಿಕ್ಕಿದ್ದು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಒಬ್ಬ ವಯಸ್ಸಾದ ಹೆಂಗಸು ನಡೆಸುತ್ತಿದ್ದ ಹಾರ್ಡ್‌ವೇರ್ ಅಂಗಡಿಯಲ್ಲಿ. ಅವನು ಮನೆಯಿಂದ ಒಂದು ಒದ್ದೆ ಕೈಗವಸು, ಒಂದು ಗಜ ದಾರ ತೆಗೆದುಕೊಂಡು ಹೋಗಿದ್ದ. ಕೈಗವಸು ಹಾಕಿಕೊಂಡೇ ಟಾರ್ಚುಗಳನ್ನು ಮುಟ್ಟಿದ.

"ಏನಪ್ಪಾ, ಕೊಳ್ಳೋಕೆ ಬಂದ್ಯೋ, ಬೆರಳಚ್ಚು ಬೀಳದ ಹಾಗೆ ಕದಿಯೋಕೆ ಬಂದ್ಯೋ?" ಎಂದಳು ಅಂಗಡಿಯಾಕೆ.

"ಒದ್ದೆ ಕೈಗವಸಲ್ಲಿ ಒತ್ತೋಕೆ ಬರಬೇಕಮ್ಮ. ಇದು ನೋಡಿ, ಗುಂಡಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಬೇಡ."

ಹಳದಿ ರಬ್ಬರಿನ ಹೊದಿಕೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಬ್ಯಾಟರಿ ಲೊಟಲೊಟ ಎಂದಿತು. ಬೇಡ. ತಲೆಗೆ ಕಟ್ಟುವ ದೀಪವನ್ನು ಆಕೆ ತೋರಿಸಿದಾಗ, ತಲೆ ತಿರುಗಿಸಿದರೆ ಬೆಳಕೂ ತಿರುಗುತ್ತದೆ, ಮೇಲಿರುವವನಿಗೆ ಗೋಡೆ ಕತ್ತಲಾಗಿ ಕಾಣುತ್ತದೆ ಎಂದು ಅದನ್ನೂ ಬಿಟ್ಟ. ಆರನೆಯದು ಲೋಹದ್ದು. ಒಂದು ಗೇಣು ಉದ್ದ, ಮುನ್ನೂರ ಹತ್ತು ಗ್ರಾಂ ತೂಕ. ಗುಂಡಿ ಹಿಂಭಾಗದಲ್ಲಿ, ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದು. ಮುಚ್ಚಳದ ತಿರುಪಿನೊಳಗೆ ರಬ್ಬರಿನ ಬಳೆ ಎರಡು. ದಾರ ಪೋಣಿಸಲು ತೂತು ಇತ್ತು. ತಕರಾರಣ್ಣ ಅದನ್ನು ಹತ್ತಿಸಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇಟ್ಟ. ಒಂದು ಗಂಟೆ ಅಂಗಡಿಯ ಮೆಟ್ಟಿಲ ಮೇಲೆ ಕೂತ.

"ಮಹಡಿಗೆ ಹೋಗೋಕೆ ದಾರಿ ಇದೆಯಾ?" ಎಂದ ಆಮೇಲೆ.

"ಯಾಕೆ?"

"ಅಲ್ಲಿಂದ ಬಿಸಾಡಿ ನೋಡಬೇಕು. ಒಡೆದ್ರೆ ನಾನೇ ಕೊಳ್ತೀನಿ."

"ಪಾಪ, ಅದೇನು ತಪ್ಪು ಮಾಡ್ತಪ್ಪಾ ನಿನಗೆ!" ಆಕೆ ಬಾಗಿಲಿಗೆ ಬಂದು ನಿಂತಳು. ಮೊದಲ ಸಲ ಟಾರ್ಚು ಕಲ್ಲಿಗೆ ಬಡಿದು ಪುಟಿದು ಚರಂಡಿಯ ಅಂಚಿಗೆ ಹೋಯಿತು. ಉರಿಯುತ್ತಿತ್ತು. ಎರಡನೇ ಸಲ ನಿಲ್ಲಿಸಿದ್ದ ವ್ಯಾನಿನ ಕೆಳಗೆ ಉರುಳಿ ಅಲ್ಲಿಂದ ಬೆಳಕು ಚೆಲ್ಲಿತು. ಹೀಗೆ ಹತ್ತು ಸಲ. ಓಣಿಯಲ್ಲಿ ಏಳೆಂಟು ಜನ ಸೇರಿದರು. ಹತ್ತನೇ ಸಲಕ್ಕೆ ಯಾರೋ ಚಪ್ಪಾಳೆ ತಟ್ಟಿದರು.

"ಇನ್ನು ಬುಲ್ಡೋಜರ್ ತರಿಸ್ಲಾ?" ಎಂದಳು ಅಂಗಡಿಯಾಕೆ.

"ಸಾಕು. ಪಾಸು," ಎಂದ ತಕರಾರಣ್ಣ.

ಅವನು ನೋಡಬೇಕಾದದ್ದನ್ನೆಲ್ಲ ನೋಡಿದ್ದ. ಬೆಳಕು ಆರಿದಾಗ ಎಳೆಯುವ ಜನರ ಕೈಗೆ, ಏನು ಮಾಡಿದರೂ ಆರದ ಟಾರ್ಚು ಕೊಟ್ಟರೆ ಏನಾಗುತ್ತದೆ ಎಂಬುದು ಅವನಿಗೂ ಹೊಳೆಯಲಿಲ್ಲ, ಆರು ತಂಡಗಳ ಹನ್ನೆರಡು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ. ಮೂರು ವಾರದಲ್ಲಿ ಉಳಿದ ಐದು ತಂಡಗಳೂ ಅದನ್ನೇ ತಂದವು. ಅಂಗಡಿಯಾಕೆ ಎರಡು ಸಲ ಹೊಸದಾಗಿ ತರಿಸಬೇಕಾಯಿತು. ಸುಮ್ಮಸುಮ್ಮನೆ ಮೇಲೆಳೆಯುವುದು ನಿಂತೇಹೋಯಿತು. ವಾಲ್ವ್‌ಮ್ಯಾನ್‌ಗಳು ತಕರಾರಣ್ಣನನ್ನು ಕಂಡರೆ ಹೆಲ್ಮೆಟ್ ಎತ್ತಿ ನಮಸ್ಕಾರ ಹೊಡೆಯುತ್ತಿದ್ದರು.

ಆ ದಿನ ಆಸ್ಪತ್ರೆ ರಸ್ತೆಯ ಚೇಂಬರಿನ ವಾಲ್ವು ಮುಚ್ಚಬೇಕಿತ್ತು. ಮುಂದಿನ ತಿರುವಿನಲ್ಲಿ ಪೈಪು ಸೋರುತ್ತಿತ್ತು. ಮುಚ್ಚಳ ತೆಗೆದು ಅರ್ಧ ಗಂಟೆ ಗಾಳಿಗೆ ಬಿಡುವುದು ವಾಡಿಕೆ. ಅರ್ಧ ಗಂಟೆ ಬಿಟ್ಟಿದ್ದರು. ಗಾಳಿ ಅಳೆಯುವ ಮೀಟರು ಆರು ತಂಡಗಳಿಗೆ ಒಂದೇ ಇತ್ತು, ಅದು ರಿಪೇರಿಗೆ ಹೋಗಿ ಏಳು ತಿಂಗಳಾಗಿತ್ತು. ವಾಲ್ವ್‌ಮ್ಯಾನ್ ಟಾರ್ಚನ್ನು ಕೊರಳಿಗೆ ಹಾಕಿಕೊಂಡು, ಮೊದಲ ಮೆಟ್ಟಿಲಿಗೆ ಕಾಲಿಟ್ಟು, "ಭಾವ, ಇವತ್ತು ಬೇಗ ಮುಗಿಸೋಣ, ಮಧ್ಯಾಹ್ನ ಚಿಕ್ಕವಳ ಸ್ಕೂಲಲ್ಲಿ ಮೀಟಿಂಗ್ ಇದೆ" ಎಂದ.

"ನಿನಗೇನು ಮಾರ್ಕ್ಸ್ ಕೊಡ್ತಾರೋ ಅಲ್ಲಿ?"

"ನನಗೆ ಬಯ್ತಾರೆ, ಅವಳಿಗೆ ಮಾರ್ಕ್ಸ್ ಕೊಡ್ತಾರೆ," ಎಂದು ಇಳಿದುಹೋದ.

ಬೆಳಕು ಗೋಡೆಯ ಮೇಲೆ ಬಂತು. ತಕರಾರಣ್ಣ ಗುಂಡಿಯ ಅಂಚಿನಲ್ಲಿ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತ. ಆಮೇಲಿನ ಲೆಕ್ಕ ಪಂಪ್‌ಹೌಸಿನ ಯಂತ್ರ ಕಾಗದದ ಮೇಲೆ ತಾನೇ ಬರೆದ ನೀರಿನ ಒತ್ತಡದ ಗೆರೆಯಲ್ಲಿದೆ. ಹನ್ನೊಂದು ನಲವತ್ತಮೂರಕ್ಕೆ ವಾಲ್ವು ಮುಚ್ಚಲು ಶುರುವಾಗಿ ಗೆರೆ ಏರತೊಡಗಿತು. ಹನ್ನೊಂದು ನಲವತ್ತೊಂಬತ್ತಕ್ಕೆ ಏರುವುದು ನಿಂತು ಗೆರೆ ನೇರವಾಯಿತು. ಅಂದರೆ ಆ ನಿಮಿಷದಲ್ಲಿ ಚಕ್ರ ತಿರುಗಿಸುವ ಕೈ ನಿಂತಿತು.

ಗೋಡೆಯ ಮೇಲಿನ ಬೆಳಕು ನಿಲ್ಲಲಿಲ್ಲ. ವಾಲ್ವ್‌ಮ್ಯಾನ್ ಪೈಪಿಗೆ ಬೆನ್ನು ಕೊಟ್ಟು ಕುಸಿದಿದ್ದ. ಸೊಂಟದವರೆಗೆ ನೀರು. ಟಾರ್ಚು ಅವನ ಮಡಿಲಿಗೆ ಜಾರಿ, ನೀರಿನೊಳಗಿಂದ ಮೇಲ್ಮುಖವಾಗಿ ಉರಿಯುತ್ತಿತ್ತು. ವಾಲ್ವಿನ ಸಂದಿಯಿಂದ ಸೋರುವ ನೀರು ಅದರ ಮೇಲೆ ಬಿದ್ದು ಅಲೆ ಎಬ್ಬಿಸುತ್ತಿತ್ತು. ಅಲೆಗೆ ಬೆಳಕು ಗೋಡೆಯ ಮೇಲೆ ಅತ್ತಿತ್ತ ಆಡುತ್ತಿತ್ತು. ಮೇಲಿನಿಂದ ನೋಡಿದವನಿಗೆ ಒಬ್ಬ ಮನುಷ್ಯ ಬಗ್ಗಿ ಎದ್ದು ಚಕ್ರ ತಿರುಗಿಸುತ್ತಿರುವ ಹಾಗೆ ಕಂಡಿತು. ತಕರಾರಣ್ಣ ಹದಿನೇಳು ನಿಮಿಷ ಅದನ್ನು ನೋಡಿದ. ಒಂದು ಸಲ, ಈ ವಾಲ್ವು ಯಾವಾಗಲೂ ಬಿಗಿ ಎಂದುಕೊಂಡ. ಒಂದು ಸಲ ಗಡಿಯಾರ ನೋಡಿಕೊಂಡು, ಮೀಟಿಂಗಿಗೆ ತಡವಾಗುತ್ತದೆ ಎಂದುಕೊಂಡ.

ಹನ್ನೆರಡು ಗಂಟೆ ಆರು ನಿಮಿಷಕ್ಕೆ ಪಂಪ್‌ಹೌಸಿನಿಂದ ಫೋನು ಬಂತು.

"ಏನಣ್ಣ, ಅರ್ಧ ಮುಚ್ಚಿ ಟೀ ಕುಡಿಯೋಕೆ ಹೋದ್ರಾ? ಗೆರೆ ಅಲ್ಲೇ ನಿಂತಿದೆಯಲ್ಲ."

"ಇಲ್ಲ, ತಿರುಗಿಸ್ತಾ ಇದ್ದಾನೆ. ಬೆಳಕು ಕಾಣ್ತಿದೆ."

"ಕಾಲು ಗಂಟೆಯಿಂದ ಒಂದು ಸುತ್ತೂ ತಿರುಗಿಲ್ಲಣ್ಣ."

ತಕರಾರಣ್ಣ ಹಗ್ಗ ಎಳೆದ. ಭಾರ ಬಂತು. ಹಗ್ಗ ಚಪ್ಪಡಿಯ ಅಂಚಿಗೆ ಸಿಕ್ಕಿತು. ಅವನು ಮೆಟ್ಟಿಲು ಇಳಿಯತೊಡಗಿದ; ಒಂಬತ್ತನೇ ಮೆಟ್ಟಿಲಿನಲ್ಲಿ ಕಣ್ಣು ಕತ್ತಲಿಟ್ಟು, ಕೈ ಜಾರಿ, ಹೇಗೋ ಮೇಲೆ ಬಂದು ರಸ್ತೆಯ ಮೇಲೆ ಬಿದ್ದ. ತರಕಾರಿ ಗಾಡಿಯವನೊಬ್ಬ, ಆಸ್ಪತ್ರೆಯ ಕಾವಲುಗಾರನೊಬ್ಬ ಬಂದು ಹಗ್ಗಕ್ಕೆ ಕೈ ಹಾಕಿದರು. ಮೂವರೂ ಸೇರಿ ಎಳೆದು ಹೊರಗೆ ತಂದಾಗ ಹನ್ನೆರಡು ಹದಿನೆಂಟು. ಆಸ್ಪತ್ರೆ ಎದುರಿಗೇ ಇತ್ತು. ಡಾಕ್ಟರು ಹೊರಗೆ ಬಂದು, ಒಳಗೆ ಪ್ರಾಣವಾಯು ಇರಲಿಲ್ಲ, ಬಿದ್ದ ನಾಲ್ಕೈದು ನಿಮಿಷದೊಳಗೆ ಹೊರಗೆ ತಂದಿದ್ದರೆ ನೋಡಬಹುದಿತ್ತು ಎಂದರು. ಅವರು ಯಾರನ್ನೂ ದೂರುವ ದನಿಯಲ್ಲಿ ಹೇಳಲಿಲ್ಲ. ತಕರಾರಣ್ಣ ಆ ಅಂಕಿಯನ್ನು ಹದಿನೇಳರಿಂದ ಕಳೆದು ನೋಡಿ ಬೆಂಚಿನ ಮೇಲೆ ಕೂತ.

ಆರನೇ ದಿನ ಅವನು ಕಚೇರಿಗೆ ಹೋದ. ಬೆಳಿಗ್ಗೆ ಏಳೂಮುಕ್ಕಾಲು, ತಂಡಗಳು ಬೂಟು ಹಾಕಿಕೊಳ್ಳುವ ಹೊತ್ತು. ಐವರ ಕೊರಳಲ್ಲಿ ಐದು ಲೋಹದ ಟಾರ್ಚುಗಳು ತೂಗುತ್ತಿದ್ದವು. ಎಲ್ಲರೂ ಎದ್ದು ನಿಂತರು. ಯಾರೋ ಕುರ್ಚಿ ತಂದರು. ಅವನು ಕೂರಲಿಲ್ಲ.

"ಈ ಟಾರ್ಚ್ ಬಿಡ್ರಿ. ಹಳೇದನ್ನೇ ತಗೊಳ್ಳಿ," ಎಂದ.

ಎರಡನೇ ತಂಡದ ಹಗ್ಗದವನು, ದಪ್ಪನೆಯ, ಸದಾ ನಗಿಸುವ ಮನುಷ್ಯ, ಅವನ ಭುಜ ಹಿಡಿದುಕೊಂಡ. "ಅಣ್ಣ, ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ ಬೆಳಿಗ್ಗೆ?"

"ಆರಿದ್ರೆ ಎಳೀತಿದ್ದೆ. ಆರಲಿಲ್ಲ. ಅದಕ್ಕೇ ಕೂತಿದ್ದೆ. ನೀನೂ ಹಾಗೇ ಕೂತಿರ್ತೀಯ."

"ಟಾರ್ಚ್ ಏನು ಮಾಡ್ತಣ್ಣ? ಗಾಳಿ ಇರಲಿಲ್ಲ. ಟಾರ್ಚ್ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ."

"ಹಳೇದಾಗಿದ್ರೆ ನೀರಿಗೆ ಬಿದ್ದ ತಕ್ಷಣ ಆರ್ತಿತ್ತು. ಹನ್ನೊಂದು ನಲವತ್ತೊಂಬತ್ತಕ್ಕೇ ಆರ್ತಿತ್ತು. ನಾನು ಐವತ್ತಕ್ಕೆ ಎಳೀತಿದ್ದೆ."

ಬಾಗಿಲ ಹತ್ತಿರ ನಿಂತಿದ್ದ ಒಬ್ಬ ವಾಲ್ವ್‌ಮ್ಯಾನ್, ಮೊಣಕೈಯಲ್ಲಿ ಹಳೆಯ ಗಾಯದ ಗುರುತಿದ್ದವನು, ನಿಧಾನವಾಗಿ ಹೇಳಿದ: "ಉರಿಯೋದನ್ನ ಬಿಟ್ಟು ಆರೋದನ್ನ ಕಟ್ಟಿಕೊಂಡು ಇಳೀಬೇಕಾ ಅಣ್ಣ? ಹಳೇ ಟಾರ್ಚಲ್ಲಿ ನನ್ನನ್ನ ನಾಲ್ಕು ಸಲ ಸುಮ್ಮನೆ ಎಳೆದಿದ್ದಾರೆ. ನಿಮ್ಮ ಮೈದುನನಿಗೆ ಪಕ್ಕೆಲುಬು ಹೋಗಿದ್ದೂ ಅದರಿಂದಲೇ."

"ಹಾಗಾದ್ರೆ ಇದನ್ನೇ ಇಟ್ಟುಕೊಳ್ಳಿ. ನಿಮಿಷಕ್ಕೊಂದು ಸಲ ಬೆಳಕಿಗೆ ಕೈ ಅಡ್ಡ ಹಿಡೀರಿ. ಅಡ್ಡ ಬರಲಿಲ್ಲ ಅಂದ್ರೆ ಎಳೀತೀವಿ."

"ಎರಡೂ ಕೈ ಚಕ್ರದ ಮೇಲಿರುತ್ತೆ. ಮೂರನೇದು ಉಗ್ರಾಣದಲ್ಲಿದ್ರೆ ಕೊಡ್ಸಿ."

ಯಾರೋ ನಗಲು ಹೋಗಿ, ತಕರಾರಣ್ಣನ ಮುಖ ನೋಡಿ ಕೆಮ್ಮಿದರು. ಎಂಟು ಗಂಟೆಗೆ ಐದು ತಂಡಗಳೂ ಹೊರಟವು. ಟಾರ್ಚುಗಳು ಅವರ ಜೊತೆಗೇ ಹೋದವು.

ಅವನು ಇಂಜಿನಿಯರ್ ಮೇಡಂ ಹತ್ತಿರ ಹೋದ. ಈ ಸಾವಿನ ವಿಚಾರಣೆ ನಡೆಸುವ ಜವಾಬ್ದಾರಿ ಆಕೆಯದಾಗಿತ್ತು. ಆಕೆ ಪೂರ್ತಿ ಕೇಳಿಸಿಕೊಂಡು ಪೆನ್ನು ಮುಚ್ಚಿಟ್ಟಳು.

"ಇಲ್ಲಿ ನಿಂತು ಬಾಯಲ್ಲಿ ಹೇಳಿದ್ರೆ ನಾನು ಏನೂ ಮಾಡೋಕಾಗಲ್ಲ. ಶುಕ್ರವಾರ ವಿಚಾರಣೇಲಿ ಹೇಳಿಕೆ ಕೊಡಿ. ದಾಖಲೆಗೆ ಬಂದ್ರೆ ಟಾರ್ಚ್ ವಾಪಸ್ ತರಿಸೋಕೆ ಮೇಲಿನವರಿಗೆ ಬರೀತೀನಿ."

"ಅಲ್ಲಿ ಯಾರ್ಯಾರು ಇರ್ತಾರೆ ಮೇಡಂ?"

"ನಾನು, ಗುಮಾಸ್ತರು, ನೀವು. ಮನೆಯವರ ಪರವಾಗಿ ಒಬ್ಬರು ಇರಬೇಕು. ನಿಮ್ಮ ತಂಗಿಗೆ ನೋಟಿಸ್ ಹೋಗಿದೆ."

ಆರದ ಟಾರ್ಚು ತಂದುಕೊಡು ಎಂದವಳು ತಂಗಿ. ಅವಳ ಎದುರಿಗೇ ಅದನ್ನು ಹೇಳಬೇಕಿತ್ತು. ಹೇಳದಿದ್ದರೆ ಐದು ಚೇಂಬರುಗಳಲ್ಲಿ ಐದು ಜನ ಇಳಿಯುತ್ತಲೇ ಇರುತ್ತಾರೆ. ಗುರುವಾರ ಸಂಜೆ ನಾಲ್ಕು ಗಂಟೆಗೆ ಅವನು ಮೊದಲು ಅವಳೊಬ್ಬಳಿಗೇ ಹೇಳಿಬಿಡೋಣವೆಂದು ಅವಳ ಮನೆಗೆ ಹೋದ.

ಹೆಣ್ಣುಮಕ್ಕಳಿಬ್ಬರೂ ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ. ತಂಗಿ ನೆಲದ ಮೇಲೆ ಕೂತು ಗಂಡನ ಶರ್ಟುಗಳನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಒಂದು ಶರ್ಟು ಕೈಗೆತ್ತಿಕೊಂಡ.

"ತೋಳು ಒಳಗೆ ಮಡಿಸಬೇಕು ಅಣ್ಣ. ಕೊಡಿಲ್ಲಿ."

ಕೊಟ್ಟ.

"ನಾಳೆ ಏನು ಕೇಳ್ತಾರೆ ನನ್ನನ್ನ?"

"ನಿನ್ನನ್ನೇನೂ ಕೇಳಲ್ಲ. ನನ್ನನ್ನ ಕೇಳ್ತಾರೆ."

ಅವಳು ಶರ್ಟಿನ ಕಾಲರನ್ನು ಬೆರಳಲ್ಲಿ ತೀಡುತ್ತಾ ಹೇಳಿದಳು: "ನನಗೆ ಒಂದೇ ಸಮಾಧಾನ ಅಣ್ಣ. ಬೆಳಕು ಕೊನೇವರೆಗೂ ಇತ್ತಲ್ಲ. ಇವರಿಗೆ ಕತ್ತಲು ಅಂದ್ರೆ ಆಗ್ತಿರಲಿಲ್ಲ, ನಿನಗೆ ಗೊತ್ತಾ? ಮನೇಲಿ ಕರೆಂಟ್ ಹೋದ್ರೆ ನನ್ನ ಸೆರಗು ಹಿಡಿದುಕೊಳ್ತಿದ್ರು. ಗುಂಡಿಗೆ ಇಳಿಯೋ ಗಂಡಸು! ಮಕ್ಕಳ ಮುಂದೆ ಹೇಳ್ಬೇಡ ಅಂತಿದ್ರು. ಆ ಟಾರ್ಚ್ ನೀನು ತಂದುಕೊಟ್ಟೆಯಲ್ಲ, ಅದೊಂದು ಪುಣ್ಯ ಮಾಡ್ದೆ. ಕತ್ತಲಲ್ಲಿ ಹೋಗಲಿಲ್ಲ ಅವರು."

ತಕರಾರಣ್ಣ ಬಾಯಿ ತೆರೆದ. ಮಕ್ಕಳು ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳಿದ. ನಾಲ್ಕೂವರೆಗೆ ಎಂದಳು. ಅವನು ನಾಲ್ಕೂಕಾಲಿಗೆ ಎದ್ದು ಹೊರಟ.

ಶುಕ್ರವಾರ ಹತ್ತೂವರೆಗೆ ವಿಚಾರಣೆ ಶುರುವಾಯಿತು. ಕಡತಗಳ ಕೋಣೆಯಲ್ಲೇ ಒಂದು ಮೇಜು ಹಾಕಿದ್ದರು. ತಂಗಿ ಕಿಟಕಿಯ ಪಕ್ಕ ಕೂತಿದ್ದಳು. ಇಳಿದ ಸಮಯ, ಮುಚ್ಚಳ ತೆಗೆದ ಸಮಯ, ಮೀಟರು, ಹಗ್ಗದ ಉದ್ದ. ಒಂದೊಂದಕ್ಕೂ ತಕರಾರಣ್ಣ ಉತ್ತರ ಹೇಳಿದ, ಗುಮಾಸ್ತ ಬರೆದುಕೊಂಡ.

"ಹನ್ನೊಂದು ನಲವತ್ತೊಂಬತ್ತರಿಂದ ಹನ್ನೆರಡು ಆರರವರೆಗೆ ಯಾಕೆ ಎಳೀಲಿಲ್ಲ?" ಎಂದಳು ಮೇಡಂ.

ಅವನು ತಂಗಿಯ ಕಡೆ ನೋಡಲಿಲ್ಲ. ಮೇಜಿನ ಅಂಚು ನೋಡುತ್ತಾ ಹೇಳಿದ. ಬೆಳಕಿನ ಪದ್ಧತಿ ಹೇಳಿದ. ಹಳೆಯ ಟಾರ್ಚು ನೀರಿಗೆ ಬಿದ್ದರೆ ಆರುತ್ತಿತ್ತು ಎಂದ. ಅದು ಆರುತ್ತಿದ್ದದ್ದೇ ನಮಗೆ ಗಂಟೆ ಹೊಡೆದ ಹಾಗೆ, ನಾನು ಆ ಗಂಟೆ ಕಿತ್ತುಹಾಕಿದೆ ಎಂದ. ನೀರಿನಲ್ಲಿ ಒಂದು ಗಂಟೆ ಮುಳುಗಿಸಿ, ಮಹಡಿಯಿಂದ ಹತ್ತು ಸಲ ಬಿಸಾಡಿ ನೋಡಿ ತಂದದ್ದನ್ನೂ ಹೇಳಿದ. "ಹಳೇ ಟಾರ್ಚ್ ಇದ್ದಿದ್ರೆ ಬದುಕ್ತಿದ್ದ ಮೇಡಂ. ಉಳಿದ ಐದು ತಂಡದಲ್ಲೂ ಇದೇ ಇದೆ. ಇವತ್ತೇ ವಾಪಸ್ ತಗೊಳ್ಳಿ."

ಗುಮಾಸ್ತ ಬರೆದು ಮುಗಿಸುವವರೆಗೆ ಕಾದು ಮೇಡಂ ಕೇಳಿದಳು:

"ಈ ಬೆಳಕು ನೋಡೋ ಪದ್ಧತಿ ನಿಯಮದಲ್ಲಿ ಇದೆಯಾ?"

"ಇಲ್ಲ."

"ಯಾರಾದ್ರೂ ಅಧಿಕಾರಿ ಹೇಳಿಕೊಟ್ಟಿದ್ರಾ?"

"ಇಲ್ಲ. ನಾವೇ ಮಾಡ್ಕೊಂಡಿದ್ದು. ಬೇರೆ ಏನೂ ಇರಲಿಲ್ಲ."

"ನಿಯಮದಲ್ಲಿ ಇರೋದು ಮೀಟರ್, ಮಾತಾಡೋ ವೈರ್, ಮೇಲೆ ಇಬ್ಬರು."

"ಅದು ಯಾವುದೂ ನಮಗೆ ಕೊಟ್ಟಿಲ್ಲ ಮೇಡಂ."

"ಅದನ್ನೂ ಬರೀತೀನಿ. ಆದ್ರೆ ಇಲ್ಲದೇ ಇರೋ ನಿಯಮ ಕೆಡಿಸ್ತು ಅಂತ ಟಾರ್ಚ್ ಮೇಲೆ ನಾನು ಹೇಗೆ ಬರೀಲಿ?" ಆಕೆಯ ದನಿಯಲ್ಲಿ ಕಾಠಿಣ್ಯವಿರಲಿಲ್ಲ. ದಣಿವಿತ್ತು. "ಟಾರ್ಚ್ ಚೆನ್ನಾಗಿ ಕೆಲಸ ಮಾಡಿದೆ ಅಂತ ನೀವೇ ಹೇಳ್ತಿದ್ದೀರ."

ಆಗ ತಂಗಿ ಎದ್ದು ನಿಂತಳು. "ಟಾರ್ಚ್ ನಾನು ಹೇಳಿ ತರಿಸಿದ್ದು," ಎಂದಳು. "ಬಿದ್ರೂ ಆರಬಾರದು, ಮುಳುಗಿದ್ರೂ ಆರಬಾರದು ಅಂದೆ. ಅದನ್ನೂ ಬರ್ಕೊಳ್ಳಿ."

ಗುಮಾಸ್ತ ಮೇಡಂ ಕಡೆ ನೋಡಿದ. ಮೇಡಂ ತಲೆ ಅಲ್ಲಾಡಿಸಿದಳು. "ಅದು ವಿಚಾರಣೆಗೆ ಸಂಬಂಧಪಟ್ಟಿದ್ದಲ್ಲಮ್ಮ. ಕೂತ್ಕೊಳ್ಳಿ."

ತಂಗಿ ಕೂರಲಿಲ್ಲ. ಚೀಲ ಎತ್ತಿಕೊಂಡು ಹೊರಗೆ ಹೋದಳು. ಸಹಿ ಹಾಕಿ ತಕರಾರಣ್ಣ ಹೊರಗೆ ಬರುವ ಹೊತ್ತಿಗೆ ಅವಳು ಬಸ್ ನಿಲ್ದಾಣದಲ್ಲಿದ್ದಳು. ಅವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತ.

"ನಿನ್ನೆ ಮನೇಲಿ ಅಷ್ಟು ಹೊತ್ತು ಕೂತಿದ್ದೆಯಲ್ಲ," ಎಂದಳು ಅವಳು, ರಸ್ತೆಯನ್ನೇ ನೋಡುತ್ತಾ.

"ಹೇಳೋಕೇ ಬಂದಿದ್ದೆ."

"ಗೊತ್ತಾಯ್ತು ಈಗ."

"ಅವರು ಐದು ಜನ ಇನ್ನೂ..."

"ಅದೂ ಗೊತ್ತಾಯ್ತು ಅಣ್ಣ. ನೀನು ಹೇಳಿದ್ದು ತಪ್ಪು ಅಂತ ನಾನು ಅಂದ್ನಾ?" ಅವಳ ದನಿ ಒಡೆಯಲಿಲ್ಲ. "ಹದಿನೇಳು ನಿಮಿಷ ನೀನು ನೋಡ್ತಾ ಇದ್ದೆ. ನಾನು ಮನೇಲಿ ಅವರ ಊಟದ ಡಬ್ಬಿ ತೊಳೀದೇ ಇಟ್ಟಿದ್ದೀನಿ. ಇನ್ನು ನಾನು ಏನಂತ ಸಮಾಧಾನ ಮಾಡ್ಕೊಂಡಿರ್ಲಿ, ಅದೊಂದು ಹೇಳು."

ಬಸ್ಸು ಬಂತು. ಅವನು ಹೆಜ್ಜೆ ಮುಂದಿಟ್ಟ.

"ನೀನು ಮುಂದಿನದಕ್ಕೆ ಬಾ," ಎಂದು ಅವಳು ಹತ್ತಿದಳು.

ವಿಚಾರಣೆಯ ವರದಿ ಹದಿಮೂರನೇ ದಿನ ಬಂತು. ಮೂರು ಪುಟ. ಸಾವಿಗೆ ಕಾರಣ ಪ್ರಾಣವಾಯುವಿನ ಕೊರತೆ ಎಂದಿತ್ತು. ಮೀಟರನ್ನು ಬೇಗ ರಿಪೇರಿ ಮಾಡಿಸಬೇಕೆಂಬ ಶಿಫಾರಸು ಇತ್ತು. ಅನಧಿಕೃತ ಪದ್ಧತಿ ಅನುಸರಿಸಿದ್ದಕ್ಕಾಗಿ ಹಗ್ಗದವನನ್ನು ಅಮಾನತಿನಲ್ಲಿಡಲಾಗಿತ್ತು. ಸಲಕರಣೆಗಳ ಪಟ್ಟಿಯಲ್ಲಿ ಟಾರ್ಚಿನ ಎದುರಿಗೆ "ಸುಸ್ಥಿತಿಯಲ್ಲಿದೆ" ಎಂದು ಬರೆದಿತ್ತು. ಐದು ತಂಡಗಳಿಂದ ಟಾರ್ಚು ವಾಪಸು ಪಡೆಯುವ ವಿಷಯ ಎಲ್ಲೂ ಇರಲಿಲ್ಲ.

ವರದಿ ಬಂದ ಮರುದಿನ, ಟಾರ್ಚಿನ ತಪ್ಪಲ್ಲ ಎಂದಿದ್ದ ಎರಡನೇ ತಂಡದ ಹಗ್ಗದವನು ಒಂದು ತಿಂಗಳ ರಜೆಗೆ ಅರ್ಜಿ ಹಾಕಿದ. ಅರ್ಜಿ ಮಂಜೂರಾಗಲಿಲ್ಲ.